ಹಿಟ್ಟು ಹತ್ತದ ತುಟಿ

ಅವನ ಮೇಲ್ದುಟಿ ಮುಖದ ಉಳಿದ ಭಾಗದ ಹಾಗಿರಲಿಲ್ಲ. ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಹಿಟ್ಟಿನ ಗಿರಣಿಯಲ್ಲಿ ದಿನವಿಡೀ ನಿಂತಿರುತ್ತಿದ್ದ ಆಳು ಅವನು. ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು ಎಲ್ಲದರ ಮೇಲೂ ಜೋಳದ ಹಿಟ್ಟು ಕೂತು ಸಂಜೆಯ ಹೊತ್ತಿಗೆ ಬೆಳ್ಳಗಾಗಿಬಿಡುತ್ತಿದ್ದ. ಮೂಗಿನ ಕೆಳಗಿನ ಬೆರಳಗಲದ ಜಾಗದಲ್ಲಿ ಮಾತ್ರ ಹಿಟ್ಟು ನಿಲ್ಲುತ್ತಿರಲಿಲ್ಲ. ಅಲ್ಲಿ ಚರ್ಮ ನುಣ್ಣಗೆ, ತುಸು ಹಸಿರಾಗಿ ಹೊಳೆಯುತ್ತಿತ್ತು. ಮೀಸೆ ಬೋಳಿಸಿದ ಗಂಡಸನ್ನು ಕಂಡರೆ ನಮ್ಮ ಕಡೆಯ ಜನ ಮೊದಲು ಕೇಳುವುದು, "ಅಪ್ಪ ಯಾವಾಗ ಹೋದ್ರು?" ಅಂತ. ಅವನ ಅಪ್ಪ ಹೋಗಿರಲಿಲ್ಲ, ಗಟ್ಟಿಮುಟ್ಟಾಗಿದ್ದ. ಎಲ್ಲ ತಾಪತ್ರಯಕ್ಕೂ ಮೂಲ ಅದೇ.

ನಾವು ಅವನನ್ನು ರಾಣಿ ಅಂತಲೇ ಕರೆಯುತ್ತಿದ್ದೆವು. ಎಂಬತ್ತರ ದಶಕದಲ್ಲಿ ನಮ್ಮದೊಂದು ಬಯಲಾಟದ ಮೇಳವಿತ್ತು. ಸುಗ್ಗಿ ಮುಗಿದ ಮೇಲೆ ಲಿಂಗಸುಗೂರು, ಸಿಂಧನೂರು, ತುರ್ವಿಹಾಳದ ಸುತ್ತ ಕರೆದ ಕಡೆ ಹೋಗಿ ಆಡಿ ಬರುತ್ತಿದ್ದೆವು. ಹೆಣ್ಣಿನ ಪಾರ್ಟುಗಳನ್ನೆಲ್ಲ ಅವನೇ ಮಾಡುವುದು. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಹಗಲೆಲ್ಲ ಒದರುವ ದನಿ ಅವನದು. ಸೀರೆ ಉಟ್ಟೊಡನೆ ಅದೆಲ್ಲಿ ಹೋಗುತ್ತಿತ್ತೋ, ಹದಿನೆಂಟರ ಹುಡುಗಿಯ ದನಿ ಬರುತ್ತಿತ್ತು. ಒಮ್ಮೆ ಸಿಂಧನೂರಿನ ಹತ್ತಿರದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸರು ಆಟ ನೋಡಲು ಬಂದಿದ್ದರು. ಬೆಳಿಗ್ಗೆ ಅವರಲ್ಲೊಬ್ಬಳು ನಮ್ಮ ರಾಣಿಗೆ ಅಂತ ಸಿಂಧೂರದ ಡಬ್ಬಿ ತಂದಳು. ಲುಂಗಿ ಉಟ್ಟು ಬೀಡಿ ಸೇದುತ್ತ ಕೂತವನನ್ನು ತೋರಿಸಿದರೆ ನಂಬಲೇ ಇಲ್ಲ, ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾಪಸು ಹೋದಳು. ಅವನು ಆ ಇಡೀ ದಿನ ಬೀಗಿಕೊಂಡು ತಿರುಗಿದ.

ನಾನು ರಾಕ್ಷಸ. ಬಣ್ಣವಿಲ್ಲದೆಯೂ ನಾನು ಹಾಗೇ ಕಾಣುತ್ತೇನೆಂದು ಮಂದಿ ಹೇಳುತ್ತಿದ್ದರು. ನನ್ನ ಮೀಸೆ ಆಗ ಮಸ್ಕಿಯಲ್ಲೆಲ್ಲ ಹೆಸರಾದದ್ದು. ಉಳಿದ ರಾಕ್ಷಸರು ಅಂಟಿಸಿಕೊಂಡರೆ ನಾನು ಬರೀ ಎಣ್ಣೆ ಹಚ್ಚಿ ತಿರುವಿಕೊಳ್ಳುತ್ತಿದ್ದೆ. ಹಗಲು ನನ್ನದು ಕಿರಾಣಿ ಅಂಗಡಿ. ಸಾಬೂನು, ಬೀಡಿ, ಬ್ಲೇಡು ಎಲ್ಲ ಸಿಗುತ್ತಿತ್ತು. ನಮ್ಮಿಬ್ಬರ ಗೆಳೆತನ ಬೆಳೆದದ್ದೂ ಬ್ಲೇಡಿನ ಜಗಳದಿಂದಲೇ.

ಅವನು ಮೀಸೆ ತೆಗೆಯಲು ಶುರು ಮಾಡಿದ್ದು ಮೊದಲ ವರ್ಷದ ಆಟದ ನಂತರ. ಆ ವರ್ಷ ಸೆರಗಿನಿಂದ ತುಟಿ ಮುಚ್ಚಿಕೊಂಡು ಆಡಿದ್ದ. ಗಾಳಿಗೆ ಸೆರಗು ಸರಿದು, ಕೂತ ಜನ ಸಿಳ್ಳೆ ಹಾಕಿದರು. "ರಾಣಿಗೆ ಮೀಸಿ ಬಂದಾವ್ರೋ!" ಅಂತ ಯಾರೋ ಕೂಗಿದ. ಮರುದಿನವೇ ಬೋಳಿಸಿದ. ಸುದ್ದಿ ಹಳ್ಳಿಯಲ್ಲಿದ್ದ ಅಪ್ಪನ ಕಿವಿಗೆ ಬಿತ್ತು. ಮುದುಕ ಮಸ್ಕಿಗೆ ನಡೆದೇ ಬಂದು, ಗಿರಣಿಯ ಬಾಗಿಲಲ್ಲಿ ನಿಂತು, ಬೀಸುವ ಕಲ್ಲಿನ ಗದ್ದಲಕ್ಕೂ ಮೀರಿ ಹೇಳಿದ:

"ನಾ ಇನ್ನೂ ಉಸಿರಾಡಾಕತ್ತೀನಿ. ನಾ ಸತ್ತ ಮ್ಯಾಲ ತಗೆಯೋದು ಅದು. ಇನ್ನೊಮ್ಮೆ ಅದಕ್ಕ ಬ್ಲೇಡ್ ತಾಗಿಸಿದಿ ಅಂದ್ರ, ನನ್ನ ಹೆಣಕ್ಕ ನಿನ್ನ ಹೆಗಲು ಬ್ಯಾಡ. ಮಂದಿ ಒಯ್ತಾರ."

ಒಬ್ಬನೇ ಮಗ. ಒಬ್ಬ ಮಗನಿದ್ದೂ ಪರರ ಹೆಗಲ ಮೇಲೆ ಹೋಗುವುದು ಅಂದರೆ ಸತ್ತವನಿಗೂ ಮರ್ಯಾದೆಯಲ್ಲ, ಉಳಿದವನಿಗೆ ಊರಲ್ಲಿ ಮುಖವಿಲ್ಲ. ನಮ್ಮ ರಾಣಿ ತಲೆ ತಗ್ಗಿಸಿ, "ಆಗ್ಲಿ ಅಪ್ಪಾ" ಅಂದ. ಮುಂದಿನ ಸುಗ್ಗಿಗೆ ಮತ್ತೆ ಬೋಳಿಸಿದ. ಆಟದ ಹುಚ್ಚು ಅಂಥದ್ದು.

ಅಷ್ಟರಲ್ಲಿ ಮುದುಕನ ಕಣ್ಣಿಗೆ ಪರೆ ಬಂದು ದೃಷ್ಟಿ ಮಂಜಾಗಿತ್ತು. ಉಪಾಯ ಹೇಳಿದವನು ನಾನೇ. ನಮ್ಮ ಮೇಳದ ಟ್ರಂಕಿನಲ್ಲಿ ಆಡಿನ ಕೂದಲಿನ ಮೀಸೆಗಳಿದ್ದವು. ಅದರಲ್ಲಿ ಸಣ್ಣದೊಂದನ್ನು ಕತ್ತರಿಸಿ ಅವನಿಗೆ ಕೊಟ್ಟೆ. ಊರಿಗೆ ಹೋಗುವ ದಿನ ಗೋಂದು ಹಚ್ಚಿ ಅಂಟಿಸಿಕೊಂಡು ಹೋಗುತ್ತಿದ್ದ. ಎಲ್ಲರೂ ವೇಷ ಹಾಕುವುದು ರಂಗಕ್ಕೆ. ಈ ಪುಣ್ಯಾತ್ಮ ಬರಿತುಟಿಯಲ್ಲಿ ರಂಗಕ್ಕೆ ಹೋಗಿ, ವೇಷ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ನಾವು ನಕ್ಕು ನಕ್ಕು ಸಾಕಾಗುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಬಸ್ಸು ಹತ್ತುವಾಗ ಅವನ ಕೈ ಮತ್ತೆ ಮತ್ತೆ ತುಟಿಯ ಮೇಲೆ ಹೋಗುವುದನ್ನು ನಾನು ನೋಡುತ್ತಿದ್ದೆ.

ಇನ್ನು ಬ್ಲೇಡಿನ ಮಾತು. ನನ್ನ ಅಂಗಡಿಯಲ್ಲಿ ಎರಡು ಬಗೆ ಇರುತ್ತಿದ್ದವು. ಒಂದು ಸಾದಾ ಉಕ್ಕಿನದು, ನೀರು ಉಳಿದರೆ ತುಕ್ಕು ಹಿಡಿಯುವಂಥದ್ದು. ಇನ್ನೊಂದು ಸ್ಟೇನ್‌ಲೆಸ್. ಲಿಂಗಸುಗೂರಿನ ಹೋಲ್‌ಸೇಲ್ ಅಂಗಡಿಯವರು ಸ್ಟೇನ್‌ಲೆಸ್ ಮಾರಿರಿ, ಇನ್ನು ಮುಂದೆ ಅದರದೇ ಕಾಲ ಅಂತ ಹೇಳುತ್ತಿದ್ದರು. ನಾನೂ ಬಂದವರಿಗೆಲ್ಲ ಅದನ್ನೇ ಹೊಗಳುತ್ತಿದ್ದೆ. ರಾಣಿ ಮಾತ್ರ ಜಗ್ಗಲಿಲ್ಲ. ಕೊನೆಗೆ, "ಪರೀಕ್ಷಾ ಮಾಡಿಬಿಡೂಣು ಬಾರಲೇ ರಾಕ್ಷಸ" ಅಂದ.

ಅವನ ಪರೀಕ್ಷೆ ಗಿರಣಿಯವನಿಗೆ ಮಾತ್ರ ಹೊಳೆಯುವಂಥದ್ದು. ಬೆಳಿಗ್ಗೆ ಎಡಗಲ್ಲಕ್ಕೆ ಸಾದಾ, ಬಲಗಲ್ಲಕ್ಕೆ ಸ್ಟೇನ್‌ಲೆಸ್. ಹಾಗೇ ಗಿರಣಿಗೆ ಹೋಗಿ ದಿನವಿಡೀ ಜೋಳ ಬೀಸುವುದು. ಕೂದಲಿನ ಮೊನೆ ಉಳಿದ ಕಡೆ ಹಿಟ್ಟು ಹಿಡಿಯುತ್ತದೆ, ಬುಡದವರೆಗೂ ಹೋದ ಕಡೆ ಜಾರುತ್ತದೆ. ಮೊದಲ ಸಂಜೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತ. ಬಲಗಲ್ಲದಲ್ಲಿ ತೆಳ್ಳಗೆ ಬಿಳುಪಿತ್ತು. ಎಡಗಲ್ಲ ತೊಳೆದಂತಿತ್ತು. ಮರುದಿನ ಅದೇ ಬ್ಲೇಡುಗಳು. ಎರಡೂ ಕಡೆ ಸರಿಸಮ. ಅದರ ಮರುದಿನ ಎಡಗಲ್ಲವೆಲ್ಲ ಬಿಳಿ, ಮೇಲೆ ಕೆಂಪು ಗೀರು ಬೇರೆ. ಬಲಗಲ್ಲ ಮೊದಲಿನ ಹಾಗೇ ಇತ್ತು.

ನಾನು ಗೆದ್ದವನ ಹಾಗೆ ಅಂದೆ: "ನೋಡಿದ್ಯಾ? ಹೊಸದರಾಗ ಅಗಸ ಗೋಣಿ ಎತ್ತೆತ್ತಿ ಒಗದ ಅಂದಂಗಾತು ನಿನ್ನ ಸಾದಾ. ಸ್ಟೇನ್‌ಲೆಸ್ ಆದ್ರ ಒಂದು ವಾರ ನಡೀತೈತಿ."

ಅವನು ಎಡಗಲ್ಲದ ಹಿಟ್ಟು ಒರೆಸಿಕೊಳ್ಳುತ್ತ ಅಂದ: "ರಾಣಿಗೆ ಬೇಕಾದದ್ದು ವಾರ ಅಲ್ಲಲೇ. ಒಂದು ರಾತ್ರಿ."

ಅವನದೇ ಒಂದು ಪದ್ಧತಿ ಇತ್ತು. ಹೊಸ ಸಾದಾ ಬ್ಲೇಡು ಕಚ್ಚುತ್ತದೆ, ಹಾಗಾಗಿ ಮೊದಲ ಕೈ ಗಲ್ಲಕ್ಕೆ. ಅದರ ಸೊಕ್ಕು ಮುರಿದ ಮೇಲೆ ಎರಡನೆಯ ಕೈ ತುಟಿಗೆ. ಎರಡರ ನಡುವೆ ತುಕ್ಕು ಹಿಡಿಯಬಾರದಲ್ಲ, ಅದಕ್ಕೆ ಬ್ಲೇಡನ್ನು ಒರೆಸಿ, ಒಂದು ಸಣ್ಣ ಡಬ್ಬಿಯಲ್ಲಿ ಬಿಸಿಬಿಸಿ ಜೋಳದ ಹಿಟ್ಟು ತುಂಬಿ ಅದರೊಳಗೆ ಹೂಳುತ್ತಿದ್ದ. ಗಿರಣಿಯಿಂದ ಆಗಷ್ಟೇ ಬಿದ್ದ ಹಿಟ್ಟು ಪಸೆಯನ್ನೆಲ್ಲ ಹೀರುತ್ತದೆ ಎಂಬುದು ಅವನ ನಂಬಿಕೆ.

"ಬ್ಲೇಡ್ ಏನ್ ಹೋಳಿಗಿ ಏನಲೇ, ಹಿಟ್ಟಿನಾಗ ಹೊರಳಿಸಾಕ?" ಅಂತ ನಾನು ರೇಗಿಸುತ್ತಿದ್ದೆ. ಆದರೆ ಮಸ್ಕಿಯ ಒಣ ಹವೆಯಲ್ಲಿ ಆ ಡಬ್ಬಿಯ ಬ್ಲೇಡಿಗೆ ಒಂದು ಚುಕ್ಕಿ ತುಕ್ಕು ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ತುರ್ವಿಹಾಳ ಮಸ್ಕಿಯಲ್ಲ. ಅಲ್ಲಿ ಕಾಲುವೆ ನೀರು, ಗದ್ದೆ, ಗೋಡೆ ಮುಟ್ಟಿದರೂ ತಂಪು. ಆ ಸಲ ನಾವು ಹೋದ ದಿನವೇ ಅಕಾಲದ ಮಳೆ ಬಂದು ಆಟ ನಿಂತಿತು. ಮರುದಿನವೂ ಜಿಟಿಜಿಟಿ. ಮೂರನೆಯ ದಿನ ಮೋಡ ಸರಿದು ಹೊಳವಾಯಿತು, ಆಟಕ್ಕೆ ಜನ ಮಧ್ಯಾಹ್ನವೇ ಚಾಪೆ ಹಾಸಿ ಜಾಗ ಹಿಡಿದರು. ಸಂಜೆ ಒಂದು ಮನೆಯ ಪಡಸಾಲೆಯಲ್ಲಿ ನಾವು ಬಣ್ಣಕ್ಕೆ ಕೂತೆವು. ರಾಣಿ ಡಬ್ಬಿ ತೆಗೆದ. ಹಿಟ್ಟು ಗಂಟುಗಂಟಾಗಿತ್ತು. ಬ್ಲೇಡನ್ನು ಲುಂಗಿಗೆ ಒರೆಸಿಕೊಂಡು ರೇಜರಿಗೆ ಹಾಕಿದ.

ನನಗೆ ಯಾಕೋ ಸರಿ ಕಾಣಲಿಲ್ಲ. ಜೇಬಿನಲ್ಲಿದ್ದ ಸ್ಟೇನ್‌ಲೆಸ್ ಪಾಕೀಟು ಮುಂದೆ ಹಿಡಿದೆ. "ಇವತ್ತೊಂದು ದಿನ ಇದನ್ನ ಹಾಕ್ಕೋ. ಹಿಟ್ಟು ಹಸಿ ಆಗೈತಿ."

"ಹೊಸಾದು ತುಟಿಗೆ ಕಚ್ಚತೈತಿ. ಕೊಯ್ಕೊಂಡ್ರ ಅರದಾಳ ಹಚ್ಚಾಕ ಬರಂಗಿಲ್ಲ," ಅಂದ ಅವನು.

ಅರದಾಳ ನಮ್ಮ ಮುಖದ ಹಳದಿ ಬಣ್ಣ. ಕಲ್ಲಿನಂತೆ ಬರುತ್ತದೆ, ತೇಯ್ದು ಹಚ್ಚುವುದು. ಬಣ್ಣವೇನೋ ಚಿನ್ನದಂಥದ್ದು, ಆದರೆ ವಿಷ. ಮೈಮೇಲೆ ಗಾಯವಿದ್ದರೆ ಮುಟ್ಟಬೇಡಿರಿ ಅಂತ ಆಟ ಕಲಿಸುವ ನಮ್ಮ ಮಾಸ್ತರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವನು ಅದಕ್ಕೆ ಹೆದರಿಯೇ ಹೊಸ ಬ್ಲೇಡು ಬೇಡವೆಂದ. ಹಳೆಯದು ಎಡಗಡೆ ಸರಾಗ ಹೋಯಿತು. ಬಲಗಡೆ ಮೂಗಿನ ಹತ್ತಿರ ಒಮ್ಮೆ ತಡೆಯಿತು. ಅವನು ತುಸು ಒತ್ತಿದ. ರಕ್ತ ಮೊದಲು ಕಾಣಲಿಲ್ಲ, ಆಮೇಲೆ ಗೆರೆಯಾಗಿ ಇಳಿಯಿತು. ಬ್ಲೇಡು ತೆಗೆದು ದೀಪಕ್ಕೆ ಹಿಡಿದರೆ ಅಲಗಿನ ಅಂಚಿಗೆ ರಾಗಿಕಾಳಿನಷ್ಟು ಕೆಂಪು ತುಕ್ಕು.

ಪಟಿಕದ ಕಲ್ಲು ಒತ್ತಿದೆವು. ರಕ್ತ ನಿಂತಿತು. ಮಾಸ್ತರು ಬಂದು ನೋಡಿ, "ರಾಣಿ ಪಾರ್ಟು ಇವತ್ತ ಬ್ಯಾಡ. ಆ ಕಥಿ ಬಿಟ್ಟು ಬ್ಯಾರೆ ಆಡೂಣು," ಅಂದರು. ಹೊರಗೆ ಜನ ಆಗಲೇ ಹಾರ್ಮೋನಿಯಂ ಕೇಳಿ ಚಪ್ಪಾಳೆ ಹೊಡೆಯುತ್ತಿದ್ದರು. ಎರಡು ದಿನ ಕಾದಿದ್ದ ಜನ.

ಅವನು ಕನ್ನಡಿಯಿಂದ ಕಣ್ಣು ತೆಗೆಯದೆ ಅಂದ: "ಮಾಸ್ತರ್ರೀ, ಅವರು ಕಾದದ್ದು ಯಾರಿಗೆ ಅಂತ ನಿಮಗ ಗೊತ್ತಿಲ್ಲೇನ್ರಿ?" ಅರದಾಳದ ಬಟ್ಟಲು ಎಳೆದುಕೊಂಡ. ನಾನು ಕೈ ಹಿಡಿದೆ. ಕೊಡವಿದ. ಗಾಯದ ಮೇಲೆ ಮೊದಲು ಎಣ್ಣೆ ಸವರಿ, ಅದರ ಮೇಲೆ ಬಣ್ಣ ಹಚ್ಚಿಕೊಂಡ. ಹಚ್ಚುವಾಗ ಕಾಲ ಹೆಬ್ಬೆರಳು ನೆಲಕ್ಕೆ ಒತ್ತಿದ್ದನ್ನು ನಾನೊಬ್ಬನೇ ನೋಡಿದೆ.

ಆ ರಾತ್ರಿ ಅವನಷ್ಟು ಚೆನ್ನಾಗಿ ಯಾರೂ ಆಡಲಿಲ್ಲ. ನಾನು ರಾಣಿಯನ್ನು ಹೊತ್ತೊಯ್ಯಲು ಬಂದು ಎದುರು ನಿಂತಾಗ ತುಟಿ ಒಂದು ಕಡೆ ಏಳುತ್ತಿರುವುದು ಕಂಡಿತು. ಅಬ್ಬರಿಸಬೇಕಾದ ಮಾತು ನನಗೆ ಮರೆತುಹೋಯಿತು. ಅವನೇ ಕಣ್ಣಲ್ಲಿ ಗದರಿಸಿ ಮುಂದೆ ನಡೆಸಿದ.

ಬೆಳಗಾಗುವಷ್ಟರಲ್ಲಿ ಮೇಲ್ದುಟಿ ಬದನೆಕಾಯಿಯಾಗಿತ್ತು. ಬಣ್ಣ ತೊಳೆಯುತ್ತಿದ್ದಾಗ ಅವನ ಊರಿನವನೊಬ್ಬ ಮೊದಲ ಬಸ್ಸಿಗೆ ಬಂದು ಇಳಿದ. "ನಿಮ್ಮಪ್ಪಗ ರಾತ್ರಿಯಿಂದ ಉಸಿರು ಮ್ಯಾಲ ಕೆಳಗ ಆಗಾಕತ್ತೈತಿ. ಮಗನ್ನ ಕರೀರಿ ಅಂತಾನ. ಜಲ್ದಿ ನಡೀ," ಅಂದ.

ರಾಣಿ ನನ್ನ ಮುಖ ನೋಡಿದ. ನಾನು ಟ್ರಂಕು ತೆರೆದು ಆ ಸಣ್ಣ ಮೀಸೆ ತೆಗೆದೆ. ಗೋಂದು ಗಾಯಕ್ಕೆ ತಾಗಿದ್ದೇ ತಡ, ಅವನು ಕಿರುಚಿದ. ಎರಡನೆಯ ಸಲ ಹಲ್ಲು ಕಚ್ಚಿ ತಡೆದುಕೊಂಡ. ಆದರೆ ಬಾತ ತುಟಿಯಲ್ಲಿ ನೀರು ಜಿನುಗುತ್ತಿತ್ತು, ಮೀಸೆ ಜಾರಿ ಗದ್ದಕ್ಕೆ ಬಂತು. ಕೊನೆಗೆ ಟವೆಲನ್ನು ಮೂಗಿನ ಮೇಲಿಂದ ಸುತ್ತಿಕೊಂಡ. ಸಿಂಧನೂರಿನಲ್ಲಿ ಇಳಿಸಿ ದವಾಖಾನೆಯಲ್ಲಿ ಒಂದು ಸೂಜಿ ಮಾಡಿಸಿದೆ. ಅಲ್ಲಿಂದ ಮಸ್ಕಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ಹೆಗಲು ಬ್ಯಾಡ ಅಂದ್ರ ಏನ್ ಮಾಡ್ಲಿ?" ನನಗೆ ಎರಡು ಭಯ. ಮುದುಕ ನಾವು ಹೋಗುವುದರೊಳಗೆ ಹೋಗಿಬಿಟ್ಟರೆ ಎಂಬ ಭಯ ಒಂದು. ಇದ್ದು, ಮುಖ ಮುಟ್ಟಿ ನೋಡಿದರೆ ಎಂಬ ಭಯ ಇನ್ನೊಂದು. ಯಾವುದು ದೊಡ್ಡದು ಅಂತ ಈಗಲೂ ಹೇಳಲಾರೆ.

ಮುದುಕ ಇದ್ದ. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಕಣ್ಣು ಪೂರ್ತಿ ಬೆಳ್ಳಗಾಗಿತ್ತು.

"ಬಂದ್ಯಾ?" ಅಂದ.

"ಬಂದೀನಿ ಅಪ್ಪಾ."

"ಮಾತ್ಯಾಕ ತೊದಲಾಕತ್ತೈತಿ?"

"ಬಾಯಾಗ ಹುಣ್ಣು."

"ಹತ್ರ ಬಾ."

ಮುದುಕನ ಕೈ ಮೇಲೆದ್ದಿತು, ಮಗನ ಮುಖ ಹುಡುಕುತ್ತ ಗಾಳಿಯಲ್ಲಿ ತಡಕಾಡಿತು. ನನಗೆ ಏನು ತೋಚಿತೋ, ಅವನನ್ನು ಪಕ್ಕಕ್ಕೆ ಸರಿಸಿ ನಾನೇ ಮುಂದೆ ಕೂತು ಮುಖ ಒಡ್ಡಿಬಿಟ್ಟೆ. ಆ ಕೈ ನನ್ನ ಹಣೆ ಸವರಿ, ಮೂಗು ದಾಟಿ, ಮೀಸೆಯ ಮೇಲೆ ಬಂದು ನಿಂತಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ಅಳೆಯಿತು.

"ಯಾವ ರಾಕ್ಷಸನ ಮೀಸಿಲೇ ಇದು?" ಅಂದ ಮುದುಕ. "ನನ್ನ ಮಗಗ ಇಷ್ಟು ಯಾವತ್ತೂ ಬಂದಿಲ್ಲ."

ಬೇರೆ ದಿನವಾಗಿದ್ದರೆ ಊರೆಲ್ಲ ನಗುವ ಮಾತು. ಅವತ್ತು ಯಾರೂ ನಗಲಿಲ್ಲ. ರಾಣಿ ನನ್ನ ಭುಜ ಹಿಡಿದು ಎಬ್ಬಿಸಿದ. ಟವೆಲು ಬಿಚ್ಚಿದ. ಅಪ್ಪನ ಕೈಯನ್ನು ತಾನೇ ತೆಗೆದುಕೊಂಡು ಆ ಬಾತ, ಬರಿದಾದ ತುಟಿಯ ಮೇಲೆ ಇಟ್ಟುಕೊಂಡ.

"ನಂದು ಇಲ್ಲೈತಿ ಅಪ್ಪಾ. ಇಲ್ಲಿ ಏನೂ ಇಲ್ಲ. ಭಾಳ ವರ್ಷ ಆತು. ನೀ ನೋಡತಿದ್ದದ್ದು ಅಂಟಿಸಿದ್ದು."

ಮುದುಕ ಕೈ ಹಿಂದಕ್ಕೆಳೆದು ಗೋಡೆಯ ಕಡೆ ಹೊರಳಿದ. ಮುಗಿಯಿತು ಅಂದುಕೊಂಡೆ. ಅವನ ಬೆನ್ನು ಮೇಲೆ ಕೆಳಗೆ ಆಗುವುದನ್ನೇ ನೋಡುತ್ತ ನಾವಿಬ್ಬರೂ ನಿಂತೆವು. ಆಮೇಲೆ ಗೋಡೆಗೇ ಹೇಳಿದ ಹಾಗೆ ಮಾತಾಡಿದ.

"ಕೆಂಡದಂಗ ಸುಡಾಕತ್ತೈತಿ ತುಟಿ. ಏನ್ ಹಚ್ಚಿದ್ದಿ?"

"ಬಣ್ಣ."

"ಕುಣದ್ಯಾ?"

"ಹ್ಞೂಂ."

"ಮಂದಿ ಏನಂದ್ರು?"

ರಾಣಿಗೆ ಅಳು ಬಂತು. "ಚಲೋ ಆತು ಅಂದ್ರು ಅಪ್ಪಾ."

ಮುದುಕ ಈ ಕಡೆ ಹೊರಳಿದ. "ನಾ ಇರೂತನ ಮೀಸಿ ಬಿಡು. ನಾ ಹೋದ ದಿನ ತಗಿ, ಎಲ್ಲಾರ ಮುಂದ. ಬ್ಯಾರೆ ಏನೂ ಬ್ಯಾಡ ನಿನ್ನಿಂದ. ಅಷ್ಟು ಮಾಡಿದ್ರ ಹೆಗಲು ಕೊಡು."

"ಆಗ್ಲಿ" ಅಂದ ಅವನು. ಹಿಂದೆ ಗಿರಣಿಯ ಬಾಗಿಲಲ್ಲಿ ಅಂದ "ಆಗ್ಲಿ"ಯಲ್ಲ ಇದು. ನಮ್ಮ ಮೇಳದ ರಾಣಿ ಆ ಪಡಸಾಲೆಯಲ್ಲೇ ಮುಗಿದಳೆಂದು ನನಗೆ ಅಲ್ಲಿಯೇ ಗೊತ್ತಾಯಿತು. ನನಗಾದ ದುಃಖವನ್ನು ಮುಚ್ಚಿಡುವುದಿಲ್ಲ. ಒಂದು ಕ್ಷಣ ಮುದುಕನ ಮೇಲೆ ಸಿಟ್ಟೂ ಬಂತು.

ಇವತ್ತೋ ನಾಳೆಯೋ ಎಂಬಂತಿದ್ದ ಮುದುಕ ಎದ್ದು ಕೂತು, ಮತ್ತೆಷ್ಟೋ ಬೇಸಿಗೆ ದಾಟಿದ. ಮಗನ ತುಟಿ ವಾಸಿಯಾಗಿ ಮೀಸೆ ಬಂತು. ಗಾಯವಾದ ಕಡೆ ಮಾತ್ರ ಕೂದಲು ಹುಟ್ಟಲಿಲ್ಲ, ಬಲಗಡೆ ಒಂದು ಸಂದು ಉಳಿಯಿತು. ಮೀಸೆ ಬಂದ ಮೇಲೆ ಮೊದಲ ಸಲ ಅಂಗಡಿಗೆ ಬಂದವನು, "ಸ್ಟೇನ್‌ಲೆಸ್ ಕೊಡು" ಅಂದ. ನಾನು ತಲೆ ಎತ್ತಿ ನೋಡಿದೆ.

"ಬರೇ ಗಲ್ಲ ಅಲ್ಲೇನು ಈಗ. ವಾರ ನಡದ್ರ ಸಾಕು," ಅಂದ.

ಅಷ್ಟು ವರ್ಷ ವಾದ ಮಾಡಿದ ಬ್ಲೇಡನ್ನು ಅವನ ಕೈಗಿಟ್ಟೆ. ಗೆದ್ದ ಖುಷಿ ಒಂಚೂರೂ ಆಗಲಿಲ್ಲ.

ನಮ್ಮ ಮೇಳಕ್ಕೆ ಬೇರೊಬ್ಬ ರಾಣಿ ಬಂದ. ಎಳೆಯ ಹುಡುಗ, ಚಂದ ಇದ್ದ. ಇವನು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ. ರಂಗದ ಮೇಲಿಂದ ನನಗೆ ಕಾಣುತ್ತಿತ್ತು: ಹುಡುಗ ಮಾತು ಮರೆತ ಕಡೆಯೆಲ್ಲ ಆ ಸಂದಿನ ಮೀಸೆ ಮೆಲ್ಲಗೆ ಅಲುಗುತ್ತಿತ್ತು. ತೊಂಬತ್ತರ ದಶಕ ಬಂದಂತೆ ಊರೂರಿಗೆ ವಿಡಿಯೋ ಬಂತು, ಆಟಕ್ಕೆ ಕರೆಯುವವರು ಕಡಿಮೆಯಾದರು. ಸಾದಾ ಬ್ಲೇಡು ಕೇಳುವವರೂ ಇಲ್ಲವಾಗಿ ಲಿಂಗಸುಗೂರಿನವರು ಕಳಿಸುವುದನ್ನೇ ನಿಲ್ಲಿಸಿದರು.

ಮುದುಕ ಹೋದ ಬೆಳಿಗ್ಗೆ ರಾಣಿ ನನಗೆ ಹೇಳಿ ಕಳಿಸಿದ್ದು ಇಷ್ಟೇ: ಸಾದಾ ಬ್ಲೇಡ್ ತಗೊಂಡು ಬಾ. ಅಂಗಡಿಯೆಲ್ಲ ಜಾಲಾಡಿದೆ. ಸಾಬೂನಿನ ಹಲಗೆಯ ಹಿಂದೆ ಬಿದ್ದಿದ್ದ ಒಂದು ಪಾಕೀಟು ಸಿಕ್ಕಿತು. ಎಣ್ಣೆ ಕಾಗದದೊಳಗೆ ಅಲಗು ಹೊಸದರಂತೆಯೇ ಇತ್ತು. ಮನೆಯ ಮುಂದೆ ಕ್ಷೌರಕ್ಕೆ ಹಡಪದವನು ಕೂತಿದ್ದ. ರಾಣಿ ಅವನಿಗೆ ಬ್ಲೇಡು ಕೊಟ್ಟು, "ತಲಿ ನೀ ಮಾಡು. ತುಟಿ ನಂದು," ಅಂದ. ಅದು ಅವನ ಪದ್ಧತಿಯೇ, ಸೊಕ್ಕು ಮೊದಲು ಬೇರೆ ಕಡೆ ಮುರಿಯಬೇಕು. ತಲೆ ಮುಗಿದ ಮೇಲೆ ನನ್ನ ಕಡೆ ನೋಡಿ, "ಕನ್ನಡಿ ಹಿಡಿಯಲೇ ರಾಕ್ಷಸ," ಅಂದ.

ನೆರೆದ ಜನರೆಲ್ಲರ ಮುಂದೆ ಬೋಳಿಸತೊಡಗಿದ. ಅವನು ಅವಸರ ಮಾಡಲಿಲ್ಲ. ಸಂದಿನ ಹತ್ತಿರ ಬಂದಾಗಲೂ ಬ್ಲೇಡನ್ನು ಸರಾಗ ದಾಟಿಸಿದ. ಮುಗಿಸಿ, ಒಳಗಿನಿಂದ ಒಂದು ಚಿಟಿಕೆ ಜೋಳದ ಹಿಟ್ಟು ತರಿಸಿದ. ಮೇಲ್ದುಟಿಗೆ ಸವರಿ ಊದಿಕೊಂಡ. ಒಂದು ಕಣವೂ ನಿಲ್ಲಲಿಲ್ಲ. ಆಮೇಲೆ ಎದ್ದು ಹೋಗಿ ಅಪ್ಪನಿಗೆ ಹೆಗಲು ಕೊಟ್ಟ. ಉಳಿದವರು ಸರದಿಯ ಮೇಲೆ ಬದಲಾದರು. ಇವನು ಕೊನೆಯವರೆಗೆ ಬಿಡಲಿಲ್ಲ.

ಇನ್ನು ತಡೆಯುವವರಿಲ್ಲವಲ್ಲ, ಮತ್ತೆ ಬಣ್ಣ ಹಚ್ಚು ಅಂತ ನಾವೆಲ್ಲ ಕೇಳಿದೆವು. ಅವನು ಒಪ್ಪಲಿಲ್ಲ. "ಸಿಟ್ಟಾಗೋರು ಇದ್ದಾಗ ತಗದದ್ದಕ್ಕ ಒಂದು ಬೆಲಿ ಇತ್ತಲೇ," ಅಂದ. ಮೀಸೆ ಬೆಳೆಸಿದ. ಆ ಸಂದಿನ ಮೀಸೆಯಲ್ಲೇ ತೊಂಬತ್ತರ ದಶಕದ ಕೊನೆಗೆ, ಗಿರಣಿಯಲ್ಲಿ ಜೋಳ ಸುರಿಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನ ಮಗ, ಅಳಿಯ ಹೆಗಲು ಕೊಟ್ಟರು. ನನಗೂ ಒಂದಷ್ಟು ದೂರ ಕೊಟ್ಟರು.

ಮನೆಗೆ ಬಂದು ಸ್ನಾನಕ್ಕೆ ಮೊದಲು ಕನ್ನಡಿ ತೆಗೆದುಕೊಂಡು ಅಂಗಳದಲ್ಲಿ ಕೂತೆ. ಸಾದಾ ಬ್ಲೇಡು ಇರಲಿಲ್ಲ, ಸ್ಟೇನ್‌ಲೆಸ್ ಹಾಕಿದೆ. ಹೆಂಡತಿ ಗಾಬರಿಯಾಗಿ ಬಂದಳು. "ಏನ್ ಮಾಡಾಕತ್ತೀರಿ? ಅವರು ನಿಮಗೇನು ರಕ್ತಸಂಬಂಧ ಆಗಬೇಕೇನ್ರಿ?" ಅಂದಳು. ಏನೂ ಆಗಬೇಕಿರಲಿಲ್ಲ. ಮೀಸೆ ಪೂರ್ತಿ ತೆಗೆದು, ಒಂದು ಚಿಟಿಕೆ ಜೋಳದ ಹಿಟ್ಟು ಕೊಡು ಅಂದೆ. ಬಲಗಡೆ ಮೂಗಿನ ಹತ್ತಿರ ಸ್ವಲ್ಪ ಹಿಟ್ಟು ಹಿಡಿಯಿತು. ಅಲ್ಲಿ ಇನ್ನೊಮ್ಮೆ ಆಡಿಸಿದೆ.

ಮರುದಿನ ಅಂಗಡಿ ತೆರೆದಾಗ, ನನ್ನನ್ನು ಆ ಮೀಸೆಯಿಲ್ಲದೆ ಎಂದೂ ಕಾಣದ ಹುಡುಗನೊಬ್ಬ ಸಕ್ಕರೆಗೆ ಬಂದು ಬೆಕ್ಕಸಬೆರಗಾಗಿ ನಿಂತ. "ಯಾರು ಹೋದ್ರು ಸಾವ್ಕಾರ್ರೀ?" ಅಂದ.

"ನಮ್ಮ ರಾಣಿ," ಅಂದೆ.